ಬಾಟಲಿಯ ತಳದ ಅಂಕಿ

ನನಗೆ ಒಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ, ಕುಡಿಯಲು ಕೊಟ್ಟ ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ತಳ ನೋಡುತ್ತೇನೆ. ಮುಚ್ಚಳ ಸಡಿಲವಿದ್ದರೆ ಸೀರೆ ಒದ್ದೆ. ಹೀಗೆ ಎಷ್ಟು ಸಲ ಒದ್ದೆಯಾಗಿದ್ದೇನೋ ಲೆಕ್ಕವಿಲ್ಲ. ಈ ಚಟ ಹತ್ತಿದ್ದು ನನ್ನ ತಂಗಿಯ ಬಾಣಂತನದ ಸಮಯದಲ್ಲಿ. ಅದರಿಂದ ತಂಗಿಗೂ ಅವಳ ಮಗುವಿಗೂ ಎಷ್ಟು ಒಳ್ಳೆಯದಾಯಿತೋ ನಾನರಿಯೆ. ಅಮ್ಮನ ನೆಮ್ಮದಿಯನ್ನಂತೂ ಕೆಡಿಸಿದೆ. ಅದನ್ನು ಬರೆಯದೆ ಬಾಟಲಿಯ ಬಗ್ಗೆ ಮಾತ್ರ ಬರೆದರೆ ಅರ್ಧ ಸುಳ್ಳು ಬರೆದಂತೆ.

ನಾನು ಕೆಲಸ ಮಾಡುವುದು ಆರ್.ಟಿ. ನಗರದಲ್ಲಿ, ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ. ಕೊಳವೆಬಾವಿ ಕೊರೆಸಿದವರು, ಅಪಾರ್ಟ್‌ಮೆಂಟ್ ಸಂಘದವರು, ಟ್ಯಾಂಕರ್ ನೀರು ಕುಡಿದು ಹೊಟ್ಟೆ ಕೆಟ್ಟವರು ನಮ್ಮಲ್ಲಿಗೆ ನೀರು ತರುತ್ತಾರೆ. ಅದನ್ನು ತೆಗೆದುಕೊಂಡು ಚೀಟಿ ಅಂಟಿಸುವುದು, ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವುದು ನನ್ನ ಕೆಲಸ. ಜನ ನೀರು ತರುವ ಪಾತ್ರೆಗಳ ಬಗ್ಗೆಯೇ ಒಂದು ಪುಸ್ತಕ ಬರೆಯಬಹುದು. ಉಪ್ಪಿನಕಾಯಿ ಭರಣಿ, ಜೇನುತುಪ್ಪದ ಸೀಸೆ, ಗುಟ್ಟಾಗಿ ಕಾಗದ ಸುತ್ತಿದ ಕ್ವಾರ್ಟರ್ ಬಾಟಲಿ. ಉಪ್ಪಿನಕಾಯಿ ಭರಣಿಯಲ್ಲಿ ಬಂದ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಅದು ಕೊಳವೆಬಾವಿಯ ತಪ್ಪೇ? ಹಾಗಾಗಿ ನಾವು ಕೊಟ್ಟ ಬಾಟಲಿಯಲ್ಲೇ ತರಬೇಕೆಂಬ ನಿಯಮ. ನಿಯಮ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಲ್ಯಾಬಿನಲ್ಲಿ ಹಿಂದಿನಿಂದ ನನ್ನನ್ನು ‘ಬಾಟ್ಲಿ ಮೇಡಂ’ ಅನ್ನುತ್ತಾರೆಂದು ನನಗೂ ಗೊತ್ತು.

ಒಂದು ದಿನ ಸಹಕಾರನಗರದಿಂದ ನಿವೃತ್ತರೊಬ್ಬರು ಬಂದರು. ತಮ್ಮ ಕೊಳವೆಬಾವಿಯ ನೀರನ್ನು ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದಿದ್ದರು. ಬಿಸಿಲಲ್ಲಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದದ್ದರಿಂದ ಬಾಟಲಿ ಮುಟ್ಟಿದರೆ ಬೆಚ್ಚಗಿತ್ತು.

“ಇದು ಆಗಲ್ಲ ಸರ್. ಬಾಟ್ಲಿದು ಏನೇನೋ ನೀರಿಗೆ ಸೇರಿರುತ್ತೆ. ರಿಸಲ್ಟ್ ತಪ್ಪು ಬರುತ್ತೆ,” ಎಂದೆ.

ಅವರು ಸಿಟ್ಟಾಗಲಿಲ್ಲ. ಬಾಟಲಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಅಲ್ಲಮ್ಮ, ಟೆಸ್ಟ್‌ಗೆ ಆಗಲ್ಲ ಅಂತೀರಿ, ಸರಿ. ಹೊಟ್ಟೆಗೆ ಆಗುತ್ತಾ?” ಎಂದು ಕೇಳಿದರು.

ನನ್ನ ಮೇಜಿನ ಮೇಲೆ, ಅವರ ಕಣ್ಣೆದುರಿಗೇ, ನಾಲ್ಕು ವರ್ಷದಿಂದ ನಾನು ದಿನಾ ನೀರು ತುಂಬಿಕೊಂಡು ಬರುತ್ತಿದ್ದ ಬಾಟಲಿ ನಿಂತಿತ್ತು. ಅದರ ನೀಲಿ ಬಣ್ಣ ಮಾಸಿತ್ತು, ಕತ್ತಿನ ಬಳಿ ಕೂದಲೆಳೆಯಂಥ ಗೀರುಗಳಿದ್ದವು. ಊರಿನ ನೀರನ್ನೆಲ್ಲ ಜಾಲಾಡುವ ನಾನು ಅದರ ಕಡೆ ಒಂದು ದಿನವೂ ನೋಡಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಮ್ಮ ಲ್ಯಾಬಿನ ಹಿರಿಯ ಕೆಮಿಸ್ಟ್ ಒಬ್ಬರಿದ್ದಾರೆ. ಪ್ರಶ್ನೆ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ಬಾಟಲಿಯಿಂದ ನೀರಿಗೆ ಏನು ಬರುತ್ತದೆಂದು ನಮ್ಮಲ್ಲಿ ನೋಡಬಹುದೇ ಎಂದು ಕೇಳಿದೆ.

“ಅದಕ್ಕೆ ಬೇರೆ ಮಿಷನ್ನೇ ಬೇಕು ಕಣ್ರೀ. ಅದು ನಮ್ಮ ಇಡೀ ಬಿಲ್ಡಿಂಗ್ ಮಾರಿದ್ರೂ ಬರಲ್ಲ,” ಎಂದು ನಕ್ಕು, ನನ್ನ ಬಾಟಲಿಯನ್ನು ತಿರುಗಿಸಿ ತಳ ತೋರಿಸಿದರು. ಅಲ್ಲಿ ಬಾಣಗಳಿಂದ ಮಾಡಿದ ಒಂದು ಪುಟ್ಟ ತ್ರಿಕೋನ, ಅದರೊಳಗೆ ಏಳು ಎಂಬ ಅಂಕಿ. ಅದು ಪ್ಲಾಸ್ಟಿಕ್ಕಿನ ಜಾತಿ ಎಂದರು. ಒಂದು ಅಂದರೆ ಅಂಗಡಿಯಲ್ಲಿ ನೀರು, ಕೂಲ್‌ಡ್ರಿಂಕ್ಸ್ ತುಂಬಿ ಮಾರುವ ಬಾಟಲಿ. ಒಂದು ಸಲದ ಬಳಕೆಗೆ ಮಾಡಿದ್ದು, ಬಿಸಿ ತಡೆಯುವುದಿಲ್ಲ. ಐದು ಸ್ವಲ್ಪ ಗಟ್ಟಿ ಕುಳ, ಬಿಸಿಗೆ ತಕ್ಕಮಟ್ಟಿಗೆ ಜಗ್ಗುವುದಿಲ್ಲ. ಏಳು ಅಂದರೆ ಇವ್ಯಾವುದಕ್ಕೂ ಸೇರದ ಉಳಿದವೆಲ್ಲ. ಗಾಜಿನ ಹಾಗೆ ಹೊಳೆಯುವ, ಬಿದ್ದರೂ ಒಡೆಯದ ಗಟ್ಟಿ ಪ್ಲಾಸ್ಟಿಕ್ ಅದರಲ್ಲೊಂದು. ಅದನ್ನು ಮಾಡುವಾಗ ಬಿಸ್ಫಿನಾಲ್-ಎ, ಚುಟುಕಾಗಿ ಬಿಪಿಎ, ಎಂಬ ರಾಸಾಯನಿಕ ಬಳಸುತ್ತಾರೆ. ಬಿಸಿ ತಗುಲಿದರೆ, ಒಳಗೆ ಗೀರು ಬಿದ್ದರೆ, ಅದು ಚೂರುಚೂರೇ ನೀರಿಗೆ ಇಳಿಯುತ್ತದೆ. ದೇಹದ ಕಣ್ಣಿಗೆ ಅದು ಹೆಣ್ಣು ಹಾರ್ಮೋನಿನ ಹಾಗೆ ಕಾಣುತ್ತದಂತೆ.

“ಅಂದ್ರೆ ವೇಷ ಹಾಕ್ಕೊಂಡು ಒಳಗೆ ಬರುತ್ತೆ ಅನ್ನಿ,” ಎಂದೆ.

“ಬರುತ್ತೆ. ಬಂದು ಎಷ್ಟು ಹಾಳು ಮಾಡುತ್ತೆ ಅನ್ನೋದ್ರಲ್ಲಿ ದೊಡ್ಡದೊಡ್ಡವರೇ ಜಗಳ ಆಡ್ತಾ ಇದಾರೆ. ಬಿಪಿಎ ಫ್ರೀ ಅಂತ ಬರೆದಿರೋದ್ರಲ್ಲಿ ಅದರ ಅಣ್ಣತಮ್ಮಂದಿರನ್ನ ಹಾಕಿರ್ತಾರೆ ಅಂತಾನೂ ಹೇಳ್ತಾರೆ. ನೀವು ಸ್ಟೀಲ್ ತಗೊಂಡ್ಬಿಡಿ, ತಲೆನೋವೇ ಇಲ್ಲ.”

ತಲೆನೋವು ಶುರುವಾದದ್ದೇ ಅಲ್ಲಿ. ಮನೆಗೆ ಹೋದವಳು ಅಡಿಗೆಮನೆಯ ಪ್ಲಾಸ್ಟಿಕ್ಕನ್ನೆಲ್ಲ ಹಾಲಿಗೆ ತಂದು ಮಗುಚಿ ಹಾಕಿದೆ. ಕೆಲವುಗಳ ತಳದಲ್ಲಿ ಒಂದು, ಕೆಲವುಗಳಲ್ಲಿ ಐದು. ಎಷ್ಟೋ ಡಬ್ಬಗಳ ತಳ ಬೋಳು, ಹುಟ್ಟಿದ ಜಾತಿ ಯಾವುದೆಂದು ಅವಕ್ಕೇ ಗೊತ್ತಿಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಮಲಗಿಸಿ, ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚ್ ಬಿಟ್ಟು ನೋಡುತ್ತಿದ್ದಾಗ ಗಂಡ ಒಳಗೆ ಬಂದರು. ಅವರು ಗದಗಿನ ಕಡೆಯವರು, ಬಾಗಲಗುಂಟೆಯ ಬಳಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ.

“ಏನ್ ನಡಸೀದಿ ಇದು? ನೀರು ಕುಡೀಬೇಕೋ ಬ್ಯಾಡೋ ನಾವು?” ಎಂದರು.

ಆ ಭಾನುವಾರ ಹುಣಸಮಾರನಹಳ್ಳಿಯಲ್ಲಿರುವ ಅಮ್ಮನ ಮನೆಗೆ ಹೋದೆ. ತಂಗಿಗೆ ಹೆಣ್ಣುಮಗುವಾಗಿ ಹದಿನೈದು ದಿನವಾಗಿತ್ತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೈಯೆಲ್ಲ ಸಾಂಬ್ರಾಣಿ ವಾಸನೆ, ಪೂರ್ತಿ ಬಾಣಂತಿ. ಅವಳು ತಣ್ಣೀರು ಮುಟ್ಟುವಂತಿಲ್ಲ. ಅಮ್ಮ ಬೆಳಿಗ್ಗೆ ಎದ್ದು ದೊಡ್ಡ ಪಾತ್ರೆಯಲ್ಲಿ ಜೀರಿಗೆ ನೀರು ಕುದಿಸಿ, ಮಳ್ಳುವ ನೀರನ್ನು ಹಾಗೇ ಬಾಟಲಿಗಳಿಗೆ ಸುರಿದು, ಆರದಂತೆ ಹಳೆಯ ಸೀರೆಯ ತುಂಡು ಸುತ್ತಿ ಮಂಚದ ಪಕ್ಕ ಸಾಲಾಗಿ ನಿಲ್ಲಿಸುತ್ತಿದ್ದಳು. ಐದು ಬಾಟಲಿಗಳು. ಬಟ್ಟೆ ಬಿಚ್ಚಿ ನೋಡಿದೆ. ಎಲ್ಲವೂ ಕೂಲ್‌ಡ್ರಿಂಕ್ಸ್ ಬಾಟಲಿಗಳೇ. ದಿನಾ ಕುದಿನೀರು ಬಿದ್ದು ಒಂದೊಂದರ ಸೊಂಟವೂ ಒಂದೊಂದು ಕಡೆಗೆ ಸೊಟ್ಟಗಾಗಿತ್ತು.

“ಅಮ್ಮ, ಸ್ಟೀಲ್ ಫ್ಲಾಸ್ಕ್ ತಂದುಕೊಟ್ಟಿದ್ನಲ್ಲ, ಎಲ್ಲಿ?”

“ಮೇಲಿಟ್ಟಿವ್ನಿ. ಅದೇನ್ ಕಲ್ಗುಂಡು ಇದ್ದಂಗೈತೆ. ಬಾಣಂತಿ ಬಾರ ಎತ್ತಬಾರ್ದು ಕಣೇ, ಸೊಂಟ ಇಡ್ಕೊಳ್ತದೆ. ಇದಾದ್ರೆ ಊವಿನಂಗೆ ಅಗುರ.”

ಬಾಣಂತಿಯ ಸೊಂಟ ಕಾಯಲು ಹೋಗಿ ಬಾಟಲಿಯ ಸೊಂಟ ಮುರಿದಿದ್ದಳು. ತೊಳೆಯುವುದು ಹೇಗೆ ಎಂದು ಕೇಳಿದೆ. ಒಂದು ಹಿಡಿ ಅಕ್ಕಿ, ಚಿಟಿಕೆ ರಂಗೋಲಿ ಪುಡಿ, ಸ್ವಲ್ಪ ಬಿಸಿನೀರು ಹಾಕಿ ಚೆನ್ನಾಗಿ ಕುಲುಕುವುದಂತೆ. ಒಳಗೆಲ್ಲ ಗೀರೋಗೀರು. ಬಿಸಿ ಮತ್ತು ಗೀರು, ಕೆಮಿಸ್ಟ್ ಹೇಳಿದ ಎರಡನ್ನೂ ಅಮ್ಮ ದಿನಕ್ಕೆ ಐದು ಸಲ ಶ್ರದ್ಧೆಯಿಂದ ಮಾಡುತ್ತಿದ್ದಳು. ತಂಗಿ ಕುಡಿದದ್ದು ಹಾಲಾಗಿ ಮಗುವಿಗೆ ಹೋಗುತ್ತದೆ ಎಂಬುದು ನೆನಪಾಗಿ ನನಗೆ ಭಯವಾಯಿತು. ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ.

ಅಮ್ಮ ಎದುರು ಮಾತಾಡುತ್ತಾಳೆಂದುಕೊಂಡಿದ್ದೆ. ಅವಳು ಸುಮ್ಮನೆ ಎದ್ದು ಹೋಗಿ ಬೀರುವಿನಿಂದ ಒಂದು ಪುಟ್ಟ ಲೆನ್ಸ್ ತಂದಳು. ಮದುವೆಗೆ ಮುಂಚಿನಿಂದ ಅವಳು ಒಂದು ಕಾರ್ಖಾನೆಯಲ್ಲಿದ್ದಳು. ಉಗುರಿಗಿಂತ ಸಣ್ಣ ಬಿಡಿಭಾಗಗಳನ್ನು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿ, ಕೆಟ್ಟದ್ದನ್ನು ಬೇರೆ ಮಾಡುವ ಕೆಲಸ. ಲೆನ್ಸನ್ನು ಕಣ್ಣಿಗೆ ಹಚ್ಚಿ ಬಾಟಲಿಯ ತಳ ನೋಡಿದಳು.

“ಒಂದು ಅಂತೈತೆ. ಒಂದು ಅಂದ್ರೆ ಒಳ್ಳೇದಲ್ವೇನೇ, ಫಸ್ಟ್ ಬಂದಂಗೆ?”

“ಅದು ರ‍್ಯಾಂಕ್ ಅಲ್ಲಮ್ಮ, ಜಾತಿ.”

“ಇದ್ರಾಗೂ ಜಾತಿ ಬಂತಾ!” ಎಂದು ತಂಗಿ ಮಂಚದ ಮೇಲಿಂದ ನಕ್ಕಳು.

ಅಮ್ಮ ನಗಲಿಲ್ಲ. ಅವಳಿಗೆ ಪ್ರಶ್ನೆಗಳಿದ್ದವು. ಇದರಲ್ಲೂ ಬಿಸ್ಫಿನಾಲ್ ಇದೆಯಾ? ಇಲ್ಲವೆಂದೆ. ಹಾಗಾದರೆ ಏನು ಬಿಡುತ್ತದೆ? ಆಂಟಿಮನಿ ಎಂಬ ಇನ್ನೊಂದಿದೆ, ಬಿಸಿಗೆ ಚೂರು ಇಳಿಯುತ್ತದಂತೆ ಎಂದೆ. ನೀರು ಆರಿದ ಮೇಲೆ ತುಂಬಿದರೆ? ಒಂದೇ ದಿನ ಇಟ್ಟರೆ? ಬೇರೆ ಯಾವ ರುಚಿಯಾದರೂ ಬರುತ್ತದಾ? ಫೋನ್ ತೆಗೆದು ಹುಡುಕಿದೆ, ಓದಿ ಹೇಳಿದೆ, ಗೊತ್ತಾಗದ್ದನ್ನು ಕೆಮಿಸ್ಟರ ಬಳಿ ಕೇಳುತ್ತೇನೆಂದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಈ ಕುತೂಹಲ ನನಗೆ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ಅಮ್ಮನೊಂದಿಗೆ ಅಷ್ಟು ಹೊತ್ತು ಅಷ್ಟು ಸಂತೋಷವಾಗಿ ಮಾತಾಡಿ ಎಷ್ಟೋ ವರ್ಷವಾಗಿತ್ತು.

ಐದು ಬಾಟಲಿಗಳೂ ಅವತ್ತೇ ಹೊರಗೆ ಹೋದವು. ಬಾಣಂತಿಗೆ ಪುಟ್ಟ ಸ್ಟೀಲ್ ಚೊಂಬಿನಲ್ಲಿ ಅರ್ಧರ್ಧ ಬಿಸಿನೀರು ಬರತೊಡಗಿತು. ಭಾರವೂ ಇಲ್ಲ, ವಾದವೂ ಇಲ್ಲ. ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಗು ನೋಡಲು ಬಂದವರ ಕೈಚೀಲದಿಂದ ಬಾಟಲಿ ಇಣುಕಿದರೆ ಸಾಕು, ಲೆನ್ಸ್ ಹೊರಬರುತ್ತಿತ್ತಂತೆ. “ಅಕ್ಕಾ, ನೀನು ಅಂಟಿಸಿದ ರೋಗ. ನೆಂಟರು ಬರೋಕೆ ಹೆದರ್ತಾ ಇದಾರೆ,” ಎಂದು ತಂಗಿ ಫೋನಿನಲ್ಲಿ ಬೈದಳು. ನಾನು ಬೀಗಿದೆ.

ಮುಂದಿನ ಭಾನುವಾರ ಹೋದಾಗ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು, “ಮಕ್ಳಿಗೆ ಆಲು ಕುಡಿಸೋ ಬಾಟ್ಲು ಎಷ್ಟ್ನೇ ನಂಬ್ರು?”

“ಈಗಿನದಾ? ಐದು ಇರುತ್ತೆ. ಮುಂಚಿನದು ಏಳು, ಆ ಗಾಜಿನ ಥರ ಹೊಳೆಯೋದು. ಅದನ್ನ ಈಗ ಮಕ್ಕಳ ಬಾಟ್ಲಿಗೆ ಬಳಸೋ ಹಾಗೇ ಇಲ್ಲ.”

“ಕುದಿಸುದ್ರೆ?”

“ಅಯ್ಯೋ, ಕುದಿಸಿದ್ರೆ ಇನ್ನೂ ಜಾಸ್ತಿ ಬಿಡುತ್ತೆ. ಹಾರ್ಮೋನ್ ಅಲ್ವಾ, ಎಳೇ ಮಕ್ಕಳಿಗೆ ಹೋದ್ರೆ ದೊಡ್ಡೋರಾದ್ಮೇಲೆ ಮಕ್ಕಳಾಗೋದಕ್ಕೂ ತೊಂದ್ರೆ ಆಗ್ಬಹುದು ಅಂತ ಕೆಲವರು ಹೇಳ್ತಾರೆ.”

ಬಹಳ ಉತ್ಸಾಹದಿಂದ ಹೇಳಿದೆ. ಎದುರಿಗೆ ಕೂತು ಕೇಳುವವಳು ಸಿಕ್ಕಿದ್ದಳಲ್ಲ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದೆ. ಅಮ್ಮ “ಊಂ” ಎಂದಳು. ಸೊಪ್ಪಿನ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ನಾನು ಮಗುವನ್ನು ಎತ್ತಿಕೊಂಡು ಆಡಿಸುತ್ತಾ ಕೂತೆ. ಏನು ಮಾಡಿದ್ದೇನೆಂದು ನನಗೆ ಕಿಂಚಿತ್ತೂ ಹೊಳೆಯಲಿಲ್ಲ.

ಬುಧವಾರ ತಂಗಿಯ ಫೋನು ಬಂತು. “ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ ಕಣೆ. ದಿನಾ ಮಧ್ಯಾಹ್ನ ಅಟ್ಟ ಹತ್ತಿ ಏನೋ ಹುಡುಕ್ತಾಳೆ. ಕೇಳಿದ್ರೆ ಆಲಿನ ಬಾಟ್ಲು ಅಂತಾಳೆ. ಮಗು ನನ್ ಹಾಲೇ ಕುಡಿಯುತ್ತಲ್ಲ, ಇನ್ಯಾಕೆ ಬಾಟ್ಲು?”

ಆಗ ನನಗೆ ಅರ್ಥವಾಯಿತು. ಲ್ಯಾಬಿನ ಸಿಂಕಿನ ಮುಂದೆ ಫೋನು ಹಿಡಿದು ನಿಂತಿದ್ದೆ.

ಅಮ್ಮ ಹುಡುಕುತ್ತಿದ್ದದ್ದು ನನ್ನ ಬಾಟಲಿ. ನಾನು ಹುಟ್ಟಿದ ಮೂರು ತಿಂಗಳಿಗೆ ಅವಳು ಕಾರ್ಖಾನೆಗೆ ವಾಪಸ್ಸು ಹೋಗಬೇಕಾಗಿತ್ತು. ಹಗಲಿಡೀ ಅಜ್ಜಿ ನನಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಹೊಳೆಯುವ, ಒಡೆಯದ ಬಾಟಲಿ. ಅಮ್ಮ ಶಿಫ್ಟಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅದನ್ನು ಪಾತ್ರೆಯಲ್ಲಿ ಮುಳುಗಿಸಿ ಕುದಿಸುತ್ತಿದ್ದಳಂತೆ. ಬೀದಿಯಲ್ಲಿ ಇನ್ನಾರೂ ಹಾಗೆ ಮಾಡುತ್ತಿರಲಿಲ್ಲವೆಂದು ಅಜ್ಜಿ ಅಣಕಿಸಿ ಹೇಳುವುದನ್ನು ಕೇಳಿದ್ದೇನೆ. ತಂಗಿ ಹುಟ್ಟುವ ಹೊತ್ತಿಗೆ ಅಮ್ಮ ಕೆಲಸ ಬಿಟ್ಟಿದ್ದಳು. ತಂಗಿ ಬಾಟಲಿಯನ್ನು ಕಂಡವಳೇ ಅಲ್ಲ.

ನನಗೆ ಮಕ್ಕಳಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ. ಮಾಡಿಸಬೇಕಾದ ಪರೀಕ್ಷೆಗಳನ್ನೆಲ್ಲ ಇಬ್ಬರೂ ಮಾಡಿಸಿಕೊಂಡೆವು, ಕಾರಣ ತಿಳಿಯದು ಎಂದು ಡಾಕ್ಟರು ಬರೆದುಕೊಟ್ಟರು. ಒಂದಷ್ಟು ವರ್ಷ ಅತ್ತೆವು, ಜಗಳವಾಡಿದೆವು, ಆಮೇಲೆ ಸಾಕೆಂದು ನಿಲ್ಲಿಸಿದೆವು. ಈಗ ನಾವು ಚೆನ್ನಾಗಿಯೇ ಇದ್ದೇವೆ, ಇದನ್ನು ತೋರಿಕೆಗೆ ಹೇಳುತ್ತಿಲ್ಲ. ಆದರೆ ಅಮ್ಮನ ಮನೆಯಲ್ಲಿ ಈ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನ ಬಾಯಿಯಿಂದಲೇ, ಅಷ್ಟು ಹಗುರವಾಗಿ, ಅಮ್ಮನ ಮುಂದೆ ಅದನ್ನು ಎತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಂದಿನಂತೆ ವಾಹನಗಳು ನಿಂತಿದ್ದವು. ಏನು ಹೇಳಲಿ ಎಂದು ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಬಾಟಲಿಯಿಂದ ಹಾಗೆಲ್ಲ ಆಗುವುದಿಲ್ಲ, ಕೆಮಿಸ್ಟರನ್ನು ಕೇಳಿದೆ, ಖಂಡಿತ ಇಲ್ಲ ಅಂದರು ಎಂದು ಸುಳ್ಳು ಹೇಳುವುದೆಂದು ನಿರ್ಧರಿಸಿಕೊಂಡೆ.

ಅಮ್ಮ ಹಿತ್ತಲ ಮೆಟ್ಟಿಲಿನ ಮೇಲೆ ಕೂತಿದ್ದಳು. ತಲೆಯ ಮೇಲೆ ಅಟ್ಟದ ಧೂಳು. ನನ್ನನ್ನು ನೋಡಿ ಯಾಕೆ ಬಂದೆ ಎಂದೂ ಕೇಳಲಿಲ್ಲ.

“ಸಿಗ್ನಿಲ್ಲ ಕಣೇ. ನಂಬ್ರು ನೋಡೋಣ ಅಂದ್ರೆ ಸಿಗ್ನಿಲ್ಲ,” ಎಂದಳು.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ನಾನು ಏನೋ ಬಾಯಿಗೆ ಬಂದಿದ್ದು ಹೇಳ್ದೆ.”

“ನೀನು ಸುಳ್ಳು ಏಳ್ಬೇಡ. ನಾನು ಅಷ್ಟು ವರ್ಷ ಅದೇ ಕೆಲ್ಸ ಮಾಡಿವ್ನಿ. ಒಂದೇ ಮಿಷನ್ನಾಗೆ ಬಂದಿರೋ ಎಲ್ಡು ಪೀಸಲ್ಲಿ ಒಂದು ಬೇರೆ ಆಗೈತೆ ಅಂದ್ರೆ, ಮದ್ಯೆ ಏನು ಬದ್ಲಾಯ್ತು ಅಂತ ನೋಡ್ಬೇಕು. ನೀವಿಬ್ರೂ ನನ್ನ ಒಟ್ಟೇಲೇ ಉಟ್ದೋರು. ಬದ್ಲಾಗಿದ್ದು ಬಾಟ್ಲು ಒಂದೇ.”

ಪೀಸ್ ಅನ್ನಿಸಿಕೊಂಡರೂ ನನಗೆ ಬೇಸರವಾಗಲಿಲ್ಲ. ಅಷ್ಟು ಸರಿಯಾಗಿ ಯೋಚಿಸುವವಳು ಅಷ್ಟು ತಪ್ಪಾದ ಜಾಗಕ್ಕೆ ಹೋಗಿ ನಿಂತಿದ್ದಳಲ್ಲ, ಅದಕ್ಕೆ ಸಂಕಟವಾಯಿತು.

“ಎರಡೇ ಎರಡು ಪೀಸ್ ನೋಡಿ ಏನೂ ಹೇಳೋಕಾಗಲ್ಲಮ್ಮ. ಬಾಟ್ಲಿ ಹಾಲು ಕುಡಿದ ನನ್ನ ಫ್ರೆಂಡ್ಸ್‌ಗೆಲ್ಲ ಮಕ್ಕಳಾಗಿಲ್ವಾ?”

“ಅಂಗಾದ್ರೆ ಅದ್ರಿಂದ ಆಗಿಲ್ಲ ಅಂತ ಬರ್ಕೊಡ್ತೀಯಾ?”

ಅಮ್ಮ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸುಳ್ಳು ಬಾಯಿಗೆ ಬರಲಿಲ್ಲ.

“ಗೊತ್ತಿಲ್ಲಮ್ಮ,” ಎಂದೆ. “ನಿಜವಾಗ್ಲೂ ಯಾರಿಗೂ ಗೊತ್ತಿಲ್ಲ.”

ಅಮ್ಮ ಸೆರಗಿನಿಂದ ತಲೆಯ ಧೂಳು ಒರೆಸಿಕೊಂಡಳು. ಒಳಗೆ ಮಗು ಸಣ್ಣಗೆ ಅತ್ತು ಸುಮ್ಮನಾಯಿತು. ಆಮೇಲೆ ಅವಳು ಹೇಳಿದ್ದು ನಾನು ನಿರೀಕ್ಷಿಸಿದ್ದ ಮಾತಲ್ಲ.

“ಅವುನ್ದು ಗಾಜಿನ ಬಾಟ್ಲೇ ಕಣೇ.”

ನನಗಿಂತ ಮೊದಲು ಒಂದು ಗಂಡುಮಗು ಇತ್ತು, ಹೋಯಿತು ಎಂದಷ್ಟೇ ನನಗೆ ಗೊತ್ತಿತ್ತು. ಅದರ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಹೇಗೆ ಹೋಯಿತೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎಲ್ಲದರ ತಳ ನೋಡುವ ನಾನು ಅದೊಂದನ್ನು ಕೇಳಿರಲಿಲ್ಲ.

“ಒಳ್ಳೇ ಗಾಜಿನ ಬಾಟ್ಲು. ನೀನು ಈಗ ಒಳ್ಳೇದು ಒಳ್ಳೇದು ಅಂತೀಯಲ್ಲ, ಅಂತಾದ್ದೇ. ನಿಮ್ಮಜ್ಜಿ ತೊಟ್ಟಿ ನೀರಲ್ಲಿ ತೊಳ್ದು ಆಲು ಆಕ್ತಿದ್ಲು. ಕುದಿಸ್ಬೇಕು ಅಂತ ನಮಗ್ಯಾರಿಗೆ ಗೊತ್ತಿತ್ತು? ಎಂಟು ತಿಂಗ್ಳಿಗೆ ವಾಂತಿ ಬೇದಿ ಇಡ್ಕೊಂತು. ಎಲ್ಡೇ ದಿವ್ಸ. ಆಸ್ಪತ್ರೇಲಿ ನರ್ಸಮ್ಮ ಕೇಳಿದ್ಲು, ಬಾಟ್ಲು ಕುದಿಸ್ತಿದ್ದೇನಮ್ಮಾ ಅಂತ. ಅಷ್ಟೊತ್ಗೆ ಅವುನು ಇರ್ನಿಲ್ಲ.”

ನಾನು ಮೆಟ್ಟಿಲಿನ ಮೇಲೆ ಅವಳ ಪಕ್ಕ ಕೂತೆ.

“ನಿಂಗೆ ಕುದಿಸ್ದೆ,” ಎಂದಳು ಅಮ್ಮ. “ಡ್ಯೂಟಿಗೆ ಲೇಟಾಗಿ ಬೈಸ್ಕೊಂಡ್ರೂ ಕುದಿಸ್ದೆ. ಜ್ವರ ಬಂದಾಗ್ಲೂ ಕುದಿಸ್ದೆ. ನೀನು ಉಳ್ಕೊಂಡೆ. ಆ ಬಾಟ್ಲಿಂದ್ಲೇ ನಿನಗಿಂಗಾಯ್ತು ಅಂತ್ಲೇ ಇಟ್ಕೋ. ಗೊತ್ತಿದ್ರೂನೂವೆ ಕುದಿಸೇ ಕೊಡ್ತಿದ್ದೆ ಕಣೇ ನಾನು. ನಿಂಗೆ ಬೈಬೇಕು ಅನ್ನಿಸುದ್ರೆ ಬೈಕೋ.”

ಬೈಯುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಬೈಯಲಿಲ್ಲ. ಅಮ್ಮನ ಕೈ ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

“ಆ ಬಾಟ್ಲಿ ಏಳೇ ಆಗಿದ್ರೂ ಕುದಿಸಮ್ಮ,” ಎಂದೆ.